ಕಡಲಾಚೆ ಓದುವ ಮಕ್ಕಳು, ಊರಲ್ಲಿ ಕಾಯುವ ತೋಟ

ಈಚೆಗೆ ಕುದೇರಿನಲ್ಲಿ ಬೆಳೆಗಾರರ ಸಭೆ ಮುಗಿದು, ಕಾಫಿ ಲೋಟಗಳು ಖಾಲಿಯಾಗಿ, ಜನ ಒಬ್ಬೊಬ್ಬರಾಗಿ ಎದ್ದು ಹೊರಟ ಮೇಲೂ ಹಿರಿಯ ಸದಸ್ಯರೊಬ್ಬರು ಜಗಲಿಯ ಮೇಲೆ ಕುಳಿತೇ ಇದ್ದರು. ಎರಡು ಎಕರೆ ತೆಂಗು, ಅದರ ನಡುವೆ ಅಡಿಕೆ, ಮನೆಯ ಹಿಂದೆ ಎರಡು ಹಸು, ಇಷ್ಟೇ ಅವರ ಆಸ್ತಿ. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಅವರ ಒಬ್ಬನೇ ಮಗನಿಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಸ್ಥಾನ ಸಿಕ್ಕಿದೆ. ಸಾಲದ ವಿಚಾರ ಕೇಳಲು ಕುಳಿತಿದ್ದಾರೆಂದು ತಿಳಿದು ನಾವು ಬಡ್ಡಿ, ಜಾಮೀನು, ಕಂತು ಎಂದು ವಿವರಿಸತೊಡಗಿದೆವು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು ಕೊನೆಗೆ, "ಅದೆಲ್ಲ ಇರ್ಲಿ ಸಾ, ನಮ್ ಹೈದ ಅಲ್ಲಿ ಹೆಂಗಿರ್ತನ? ಏನ ಉಣ್ತನ? ಓದು ಮುಗುಸ್ಕಂಡು ತಿರುಗ ಬತ್ತನಾ?" ಎಂದರು.

ಸಾಲದ ಲೆಕ್ಕ ಹೇಳಿದಷ್ಟು ಸುಲಭವಾಗಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಲು ನಮ್ಮಿಂದ ಆಗಲಿಲ್ಲ. ವಿಚಾರಿಸಿ ತಿಳಿಸುತ್ತೇವೆಂದು ಮಾತು ಕೊಟ್ಟೆವು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಯೋಚನೆಯಲ್ಲಿರುವ ಮನೆಗಳು ನಮ್ಮ ಬೆಳೆಗಾರರಲ್ಲಿ ಈಗ ಒಂದೆರಡಲ್ಲ. ಆದ್ದರಿಂದ ಅವರಿಗೆ ಹೇಳಬೇಕಾದ್ದನ್ನು ಎಲ್ಲ ಸದಸ್ಯ ಬಾಂಧವರಿಗೂ ತಲುಪಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಅಲ್ಲಿಯ ಒಂದು ದಿನ

ಜರ್ಮನಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಡಿಸೆಂಬರ್ ತಿಂಗಳಲ್ಲಿ ನಾವು ಇಲ್ಲಿ ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುವ ಹೊತ್ತಿಗೆ ಅಲ್ಲಿ ಸೂರ್ಯ ಹುಟ್ಟುತ್ತಿರುತ್ತಾನೆ. ಸಂಜೆ ನಾಲ್ಕು ನಾಲ್ಕೂವರೆಗೆಲ್ಲ ಅಲ್ಲಿ ಕತ್ತಲೆ. ಬಿಸಿಲಿನಲ್ಲೇ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಚಳಿಗಿಂತ ಈ ಕತ್ತಲೆಯೇ ಮೊದಲ ವರ್ಷ ಹೆಚ್ಚು ಕಾಡುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಮಗನ ದನಿ ಕುಗ್ಗಿದಂತೆ ಕೇಳಿದರೆ ತಂದೆತಾಯಂದಿರು ಗಾಬರಿಯಾಗಬೇಕಿಲ್ಲ. ಆದರೆ ಅದನ್ನು ಕೇಳಿಯೂ ಕೇಳದಂತೆ ಇರಬಾರದು.

ವಾಸ ಹೆಚ್ಚಾಗಿ ವಿದ್ಯಾರ್ಥಿ ನಿಲಯದ ಒಂದು ಚಿಕ್ಕ ಕೋಣೆಯಲ್ಲಿ. ಅಡುಗೆಮನೆ ಹಲವರಿಗೆ ಒಂದೇ. ಮಧ್ಯಾಹ್ನ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ಹೊರಗಿನ ಹೋಟೆಲಿಗಿಂತ ಕಡಿಮೆ ದರಕ್ಕೆ ಊಟ ಸಿಗುತ್ತದೆ. ಆಲೂಗೆಡ್ಡೆ, ಬ್ರೆಡ್ಡು, ಸೊಪ್ಪು ತರಕಾರಿ ಹೇರಳ, ಮಾಂಸ ತಿನ್ನದವರಿಗೂ ಒಂದು ಬಗೆ ಇರುತ್ತದೆ. ರಾತ್ರಿಗೆ ತಾನೇ ಬೇಯಿಸಿಕೊಳ್ಳಬೇಕು. ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹುಣಸೆಹಣ್ಣು ಸಿಗುತ್ತವೆ, ಹುಡುಕಿದರೆ ರಾಗಿ ಹಿಟ್ಟೂ ಸಿಕ್ಕೀತು. ಆದರೆ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡದಿದ್ದರೆ ಭಾನುವಾರ ಬರೀ ಬ್ರೆಡ್ಡೇ ಗತಿ. ಊರಲ್ಲಿ ತಟ್ಟೆ ಎತ್ತಿಡದ ಹುಡುಗರು ಅಲ್ಲಿ ಒಂದು ತಿಂಗಳಲ್ಲಿ ಸಾರು ಮಾಡಲು, ಬಟ್ಟೆ ಒಗೆಯಲು, ಕಸ ಬೇರ್ಪಡಿಸಿ ಹಾಕಲು ಕಲಿಯುತ್ತಾರೆ. ಕಳುಹಿಸುವ ಮೊದಲೇ ತಾಯಂದಿರು ಅನ್ನ ಸಾರಿನಷ್ಟಾದರೂ ಕಲಿಸಿ ಕಳುಹಿಸುವುದು ಮೇಲು.

ಪಾಠದ ರೀತಿಯೂ ಬೇರೆ. ತರಗತಿಗೆ ಏಕೆ ಬರಲಿಲ್ಲವೆಂದು ಗದರಿಸುವವರು ಅಲ್ಲಿ ವಿರಳ. ಆದರೆ ಒಂದೇ ವಿಷಯದಲ್ಲಿ ನಿಗದಿಯಾದಷ್ಟು ಸಲ ನಪಾಸಾದರೆ ಆ ವ್ಯಾಸಂಗವನ್ನೇ ಬಿಡಬೇಕಾಗಬಹುದು. ಯಾರೂ ಬೆನ್ನ ಹಿಂದೆ ನಿಂತಿಲ್ಲ ಎಂಬ ಸ್ವಾತಂತ್ರ್ಯದಲ್ಲಿ ಎಡವುವ ಮಕ್ಕಳೂ ಇದ್ದಾರೆ.

ಬಿಡುವಿನ ವೇಳೆಯ ಕೂಲಿಯ ವಿಷಯವಾಗಿ ನಮ್ಮಲ್ಲಿ ದೊಡ್ಡ ಭ್ರಮೆಗಳಿವೆ. ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಉಗ್ರಾಣದಲ್ಲಿ ಪೆಟ್ಟಿಗೆ ಹೊರುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು, ಇಂತಹ ಕೆಲಸಗಳನ್ನು ಅಲ್ಲಿ ಯಾರೂ ಕೀಳೆಂದು ತಿಳಿಯುವುದಿಲ್ಲ. ಆದರೆ ಕಾನೂನಿನ ಮಿತಿಯಿದೆ. ಜರ್ಮನಿಯಲ್ಲಿ 2024ರಿಂದ ನಮ್ಮ ದೇಶದ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಇಂಗ್ಲೆಂಡಿನಲ್ಲಿ ಪದವಿಯ ವಿದ್ಯಾರ್ಥಿಗೆ ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ. ಈ ಸಂಪಾದನೆ ಊಟ ಬಾಡಿಗೆಯ ಭಾರವನ್ನು ಹಗುರ ಮಾಡುತ್ತದೆಯೇ ಹೊರತು ಊರಿನ ಸಾಲವನ್ನು ತೀರಿಸುವುದಿಲ್ಲ.

ಭಾನುವಾರದ ತಿರುಗಾಟ

"ಓದೋಕೆ ಹೋದವನು ಊರೂರು ಸುತ್ತುತ್ತಾನಂತೆ" ಎಂದು ಮೊಬೈಲಿನಲ್ಲಿ ಬಂದ ಫೋಟೋ ನೋಡಿ ಬೇಸರಪಟ್ಟ ತಂದೆಯರನ್ನು ನಾವು ಕಂಡಿದ್ದೇವೆ. ಅವರಿಗೆ ಒಂದು ಮಾತು. ಜರ್ಮನಿಯ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕಟ್ಟುವ ಶುಲ್ಕದಲ್ಲೇ ಬಸ್ಸು ರೈಲಿನ ಪಾಸು ಸೇರಿರುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟರೆ ದಿನದ ಪ್ರವಾಸಕ್ಕೆ ಹೆಚ್ಚಿನ ಖರ್ಚಿಲ್ಲ.

ಹಾಗೆ ಹೊರಟವರು ಹ್ಯಾಂಬರ್ಗ್ ಬಂದರಿಗೆ ಹೋದರೆ ಕಾಲುವೆಗಳ ದಡದಲ್ಲಿ ಸಾಲುಗಟ್ಟಿದ ಕೆಂಪು ಇಟ್ಟಿಗೆಯ ಹಳೆಯ ಉಗ್ರಾಣಗಳನ್ನು ಕಾಣಬಹುದು. ಕಾಫಿ, ಸಾಂಬಾರ ಪದಾರ್ಥ, ರತ್ನಗಂಬಳಿಗಳನ್ನು ತುಂಬಿಡುತ್ತಿದ್ದ ಈ ಕಟ್ಟಡಗಳು 2015ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದವು. ನಮ್ಮ ದೇಶದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ, ಜರ್ಮನಿ ಮುಖ್ಯವಾದವು. ಕೊಡಗು ಚಿಕ್ಕಮಗಳೂರಿನಲ್ಲಾಗಲಿ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಾಗಲಿ ಕಾಫಿ ಬಿಡಿಸುವವರು ಆ ಹಣ್ಣು ಕೊನೆಗೆ ಯಾರ ಬಟ್ಟಲು ಸೇರುತ್ತದೆಂದು ನೋಡಿದವರಲ್ಲ. ಕಾಫಿ ನಾಡಿನ ಹುಡುಗ ಅಥವಾ ಹುಡುಗಿ ಅಲ್ಲಿ ನಿಂತು ಅದನ್ನು ಕಂಡರೆ ಅದೂ ವಿದ್ಯೆಯೇ.

ಇಂತಹ ಒಂದು ಸಂಜೆಯ ತಿರುಗಾಟದಿಂದ ಕನ್ನಡಕ್ಕೆ ದೊಡ್ಡ ಕಾದಂಬರಿಯೊಂದು ದೊರೆತದ್ದು ಬಹಳ ಮಂದಿಗೆ ತಿಳಿಯದು. ಅಡಿಕೆ ಸೀಮೆಯಾದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಒಂದು ದಿನ ತಮ್ಮ ಅಧ್ಯಾಪಕರಾದ ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದರು. ಪ್ಲೇಗು ಹಬ್ಬಿದ ಹಳೆಯ ಯೂರೋಪಿನ ಕಥೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲ, ಮಾತು ಅರ್ಥವಾಗಲಿಲ್ಲ. ಚಿತ್ರ ಮುಗಿದ ಮೇಲೆ ಅನಂತಮೂರ್ತಿಯವರು, ನಿಮಗೆ ಆ ಹಳೆಯ ಕಾಲವನ್ನು ಪುಸ್ತಕದಿಂದ ತಿಳಿಯಬೇಕು, ನಮ್ಮಲ್ಲಾದರೋ ಹಲವು ಶತಮಾನಗಳು ಒಟ್ಟಿಗೇ ಬದುಕಿವೆ ಎಂಬರ್ಥದ ಮಾತಾಡಿದರಂತೆ. ಹಾಗಾದರೆ ಅದನ್ನೇ ಬರೆ ಎಂದರು ಗುರುಗಳು. ಹೀಗೆ ಹುಟ್ಟಿದ್ದು 'ಸಂಸ್ಕಾರ'. ಅದು ಪ್ರಕಟವಾದದ್ದು 1965ರಲ್ಲಿ. ಇಂಗ್ಲೆಂಡಿನಲ್ಲಿ ಸ್ವೀಡನ್ನಿನ ಚಿತ್ರ ನೋಡಿದವರಿಗೆ ಕಣ್ಣಿಗೆ ಕಟ್ಟಿದ್ದು ಮಲೆನಾಡಿನ ಪ್ಲೇಗು ಬಡಿದ ಅಗ್ರಹಾರ. ದೂರ ಹೋದ ಮಕ್ಕಳು ಊರನ್ನು ಮರೆಯುತ್ತಾರೆಂಬುದು ಎಲ್ಲರ ವಿಷಯದಲ್ಲೂ ನಿಜವಲ್ಲ. ಕೆಲವರಿಗೆ ದೂರ ಹೋದ ಮೇಲೆಯೇ ಊರು ಸರಿಯಾಗಿ ಕಾಣುತ್ತದೆ. ಅನಂತಮೂರ್ತಿಯವರು 1966ರಲ್ಲಿ ಡಾಕ್ಟರೇಟ್ ಪಡೆದು ಮೈಸೂರಿಗೆ ಮರಳಿ ಮೇಷ್ಟರಾದರು.

ತಿರುಗಿ ಬರುತ್ತಾರೆಯೇ?

ನಮ್ಮ ಸದಸ್ಯರ ಮೂರನೆಯ ಪ್ರಶ್ನೆ ಹೊಸದಲ್ಲ. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟ ಗಿರೀಶ ಕಾರ್ನಾಡರ ಮನೆಯಲ್ಲಿಯೂ ಇದೇ ಕಳವಳವಿತ್ತು. ಮಗ ತಿರುಗಿ ಬರುತ್ತಾನೆಯೇ, ಅಲ್ಲಿಯೇ ಮದುವೆಯಾಗಿಬಿಟ್ಟರೆ ಏನು ಗತಿ ಎಂದು ಹಿರಿಯರು ಹೆದರಿದ್ದರು. ಶಿರಸಿ, ಧಾರವಾಡಗಳಲ್ಲಿ ಬೆಳೆದ ಆ ತರುಣ ಇಂಗ್ಲಿಷಿನಲ್ಲಿ ಕವಿಯಾಗುವ ಕನಸು ಕಂಡಿದ್ದವರು. ಆದರೆ ಹೊರಡುವ ಆ ಗೊಂದಲದ ದಿನಗಳಲ್ಲಿ ಅವರು ಬರೆದದ್ದು ಕನ್ನಡ ನಾಟಕ, 'ಯಯಾತಿ'. ತಂದೆಗಾಗಿ ತನ್ನ ಯೌವನವನ್ನೇ ಕೊಡಬೇಕಾದ ಮಗನ ಕಥೆ. ಹಿರಿಯರು ತನ್ನಿಂದ ಬಯಸುತ್ತಿದ್ದ ತ್ಯಾಗವೇ ಅದರಲ್ಲಿ ಬಂದಿದೆಯೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1963ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ತಂದೆತಾಯಿಯ ಹೆದರಿಕೆ ಮಗನ ಹೆಗಲ ಮೇಲೆ ಎಷ್ಟು ಭಾರವಾಗಿ ಕೂರುತ್ತದೆಂಬುದಕ್ಕೆ ಈ ನಾಟಕಕ್ಕಿಂತ ಬೇರೆ ಸಾಕ್ಷಿ ಬೇಡ.

ಬಾರದೆ ಉಳಿದವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಮುಂದೆ ಶಿಕಾಗೋದಲ್ಲಿ ಅಧ್ಯಾಪಕರಾಗಿ, ಅಲ್ಲಿಯೇ 1993ರಲ್ಲಿ ತೀರಿಕೊಂಡರು. ಆದರೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ, ದಾಸಿಮಯ್ಯರ ವಚನಗಳನ್ನು 1973ರಲ್ಲಿ ಇಂಗ್ಲಿಷಿಗೆ ತಂದು ಜಗತ್ತಿಗೆ ಕೇಳಿಸಿದವರು ಅವರೇ. ಅನಂತಮೂರ್ತಿಯವರ 'ಸಂಸ್ಕಾರ'ವನ್ನು 1976ರಲ್ಲಿ ಇಂಗ್ಲಿಷಿಗೆ ತಂದವರೂ ಅವರೇ.

ಬೆಳೆಗಾರರಾದ ನಾವು ನೆನೆಯಲೇಬೇಕಾದ ಇಬ್ಬರಿದ್ದಾರೆ. ಒಬ್ಬರು ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಎಚ್. ಮರೀಗೌಡರು. ಲಾಲ್‌ಬಾಗಿನ ಕೆಲಸದಲ್ಲಿದ್ದವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಅಮೆರಿಕದ ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮಾಡಿ ಮರಳಿ ಲಾಲ್‌ಬಾಗಿಗೇ ಬಂದರು. ಬೆಂಗಳೂರಿನ ದ್ರಾಕ್ಷಿ ಬೆಳೆಗಾರರಿಗಾಗಿ 1959ರಲ್ಲಿ ಅವರ ಒತ್ತಾಸೆಯಿಂದ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. 1963ರಿಂದ 1974ರವರೆಗೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿ ಊರೂರಿಗೆ ಸಸ್ಯಕ್ಷೇತ್ರಗಳನ್ನು ತಂದರು. ಕಡಲಾಚೆ ಅವರು ಕಂಡದ್ದರ ಫಲ ಹೀಗೆ ರೈತನ ಹಿತ್ತಲಿನವರೆಗೆ ಬಂದಿತು.

ಇನ್ನೊಬ್ಬರು ನಮ್ಮ ನಾಡಿನವರಲ್ಲ. ಕೆನಡಾದಲ್ಲಿ ಹುಟ್ಟಿ, ಓದಲು ಜರ್ಮನಿಯ ಗಾಟಿಂಗನ್‌ಗೆ ಹೋಗಿ, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು, ಮಳೆಗೆ ತೊಳೆದುಹೋಗದಂತೆ ಅಂಟು ಬೆರೆಸಿ ಸಿಂಪಡಿಸುವ ಕ್ರಮವನ್ನು ನಮ್ಮ ಹಿರಿಯರಿಗೆ ತೋರಿಸಿಕೊಟ್ಟವರು ಅವರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಇಲಾಖೆಯಿಂದಲೇ. ಅವರ ಹೆತ್ತವರೂ ಮಗ ತಿರುಗಿ ಬರುತ್ತಾನೆಯೇ ಎಂದು ಕಾದಿದ್ದರೇನೋ. ಅವರ ಮನೆಗೆ ಆದ ನಷ್ಟ ನಮ್ಮ ತೋಟಗಳಿಗೆ ಲಾಭವಾಯಿತು.

ಆದ್ದರಿಂದ ಬಂದೇ ಬರುತ್ತಾನೆ ಎಂದು ಯಾರಿಗೂ ಭರವಸೆ ಕೊಡಲು ಆಗದು. ಜರ್ಮನಿಯಲ್ಲಿ ಪದವಿ ಮುಗಿಸಿದವರು ಕೆಲಸ ಹುಡುಕಲು ಹದಿನೆಂಟು ತಿಂಗಳು ಅಲ್ಲಿ ಇರಬಹುದು. ಸಾಲ ತೀರುವವರೆಗಾದರೂ ಅಲ್ಲಿಯೇ ದುಡಿಯಬೇಕೆನ್ನಿಸುವುದು ಸಹಜ. ಸಾಲ ದೊಡ್ಡದಾದಷ್ಟೂ ಮಗ ಊರಿನಿಂದ ದೂರ. ಬೇಗ ಬರಲೆಂದು ಬಯಸುವವರು ಕಡಿಮೆ ಸಾಲದಲ್ಲಿ ಕಳುಹಿಸುವ ದಾರಿ ಹುಡುಕಬೇಕು.

ಹೊರಡಿಸುವ ಮುನ್ನ

ಸದಸ್ಯರು ಈ ಕೆಳಗಿನವನ್ನು ಗಮನಿಸಬೇಕೆಂದು ಕೋರುತ್ತೇವೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಕೆಲವು ಕಡೆ ಮಾತ್ರ ಇದೆ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಅರ್ಧ ವರ್ಷಕ್ಕೆ 1,500 ಯೂರೋ ಕಟ್ಟಬೇಕು. ಆದರೆ ಜೀವನ ವೆಚ್ಚಕ್ಕೆಂದು ವೀಸಾಕ್ಕೆ ಮೊದಲೇ ಒಂದು ಖಾತೆಯಲ್ಲಿ ಹಣ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತ 11,904 ಯೂರೋ ಆಯಿತು. ಇದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಮೊತ್ತ ಆಗಾಗ ಏರುವುದರಿಂದ ಹೊರಡುವ ವರ್ಷದ ದರವನ್ನೇ ಕೇಳಿ ತಿಳಿಯಬೇಕು.

ಶಿಕ್ಷಣ ಸಾಲ ಏಳೂವರೆ ಲಕ್ಷ ರೂಪಾಯಿ ಮೀರಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಸಾಗುವಳಿ ಜಮೀನನ್ನು ಎಲ್ಲ ಬ್ಯಾಂಕುಗಳೂ ಒಪ್ಪುವುದಿಲ್ಲ. ಆಗ ಖಾಸಗಿ ಲೇವಾದೇವಿಯವರ ಬಳಿ ತೋಟ ಬರೆದುಕೊಡುವ ದುಡುಕು ಬೇಡ. ಅದಕ್ಕೆ ಮೊದಲು ವಿದ್ಯಾರ್ಥಿವೇತನಗಳನ್ನು ವಿಚಾರಿಸಿ. ಜರ್ಮನಿಗೆ ಡಾಡ್ ಸಂಸ್ಥೆಯದು, ಇಂಗ್ಲೆಂಡಿಗೆ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಪರಿಶಿಷ್ಟ ಜಾತಿಯವರಿಗೆ ಮತ್ತು ಭೂಹೀನ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇವೆ. ಸೀಟು ಕೊಡಿಸುತ್ತೇವೆಂದು ಮುಂಗಡ ಕೇಳುವ ದಲ್ಲಾಳಿಗಳಿಗೆ ಹಣ ಕೊಡುವ ಮುನ್ನ ವಿಶ್ವವಿದ್ಯಾಲಯಕ್ಕೇ ನೇರವಾಗಿ ಬರೆದು ಕೇಳುವುದು ಕ್ಷೇಮ.

ಇಷ್ಟನ್ನೂ ಆ ಹಿರಿಯ ಸದಸ್ಯರಿಗೆ ಓದಿ ಹೇಳಿದೆವು. ಮಗ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾನೆ. ಸಿಕ್ಕರೆ ಈ ಅಕ್ಟೋಬರಿಗೆ, ಸಿಗದಿದ್ದರೆ ಒಂದು ವರ್ಷ ಇಲ್ಲಿಯೇ ಕೆಲಸ ಮಾಡಿ ಹೊರಡುವುದೆಂದು ಮನೆಯವರು ತೀರ್ಮಾನಿಸಿದ್ದಾರೆ. ಎದ್ದು ಹೊರಡುವಾಗ ಅವರು ನೂರೈವತ್ತು ಅಡಿಕೆ ಸಸಿ ಬೇಕೆಂದು ಬರೆಸಿದರು. "ಈಗ ನೆಟ್ರ ಐದಾರು ವರ್ಷಕ್ಕ ಫಸಲು. ಅಷ್ಟೊತ್ಗ ಬತ್ತನೋ ಇಲ್ವೋ, ಖಾಲಿ ಬಿದ್ದಿರೋ ಜಾಗಕ್ಕ ಗಿಡವ ನೆಟ್ಟಿರ್ತೀನಿ" ಎಂದರು.

ಹೊರದೇಶದಲ್ಲಿ ಓದಿ ಬಂದ, ಅಥವಾ ಈಗ ಓದುತ್ತಿರುವ ಮಕ್ಕಳು ತಮ್ಮ ಮನೆಯಲ್ಲಿದ್ದರೆ ಅವರ ಅನುಭವವನ್ನು ಎರಡು ಪುಟ ಮೀರದಂತೆ ಬರೆದು ನಮಗೆ ತಲುಪಿಸಬೇಕಾಗಿ ಸದಸ್ಯರಲ್ಲಿ ವಿನಂತಿ. ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ.