ಹಲ್ಲು ಹೋದ ನೆಲ: ದವಡೆ ಎಲುಬು ಹಾಗೂ ಒಸಡಿನ ಪುನರ್ರಚನೆ – ಒಂದು ಜಾನಪದೀಯ ವಿವೇಚನೆ

'ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಹಲ್ಲನ್ನು ಕುರಿತ ನಮ್ಮ ಜನಪದ ನುಡಿಸಂಪತ್ತು ವಿಸ್ತಾರವಾದುದು. ಹಾಲುಹಲ್ಲು, ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು, ಉಬ್ಬುಹಲ್ಲು, ಹುಳುಕುಹಲ್ಲು ಎಂಬ ಪದಗಳು ಹಲ್ಲಿನ ವಯಸ್ಸು, ಆಕಾರ, ಸ್ಥಾನ ಮತ್ತು ರೋಗಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆಸೆಯುವ ಆಚರಣೆಯಾಗಲಿ, ಹಲ್ಲಿನ ಹುಳುವನ್ನು ಹೊರಡಿಸಲು ನೆಲಗುಳ್ಳದ ಬೀಜದ ಹೊಗೆ ಹಿಡಿಯುವ ಚಿಕಿತ್ಸೆಯಾಗಲಿ ಹಲ್ಲನ್ನೇ ಕೇಂದ್ರವಾಗಿ ಉಳ್ಳವು. ಆದರೆ ಹಲ್ಲನ್ನು ಹೊತ್ತು ನಿಂತ ಎಲುಬಿಗೆ ಆಡುನುಡಿಯಲ್ಲಿ ಪ್ರತ್ಯೇಕ ಹೆಸರು ದೊರೆಯುವುದು ಅಪರೂಪ. 'ದವಡೆ' ಎಂಬ ಒಂದೇ ಪದ ಅದೆಲ್ಲವನ್ನೂ ಒಳಗೊಳ್ಳುತ್ತದೆ.

ಇಂದು ಕೃತಕ ಹಲ್ಲಿನ ಬೇರನ್ನು ದವಡೆಯಲ್ಲಿ ನೆಡುವ ಚಿಕಿತ್ಸೆ ಜಿಲ್ಲಾ ಕೇಂದ್ರಗಳಲ್ಲಿಯೂ ದೊರೆಯುತ್ತಿದೆ. ಈ ಚಿಕಿತ್ಸೆಯ ಯಶಸ್ಸು ಬಹುಮಟ್ಟಿಗೆ ಆ ಹೆಸರಿಲ್ಲದ ಎಲುಬನ್ನೇ ಅವಲಂಬಿಸಿದೆ. ಎಲುಬು ಮತ್ತು ಒಸಡನ್ನು ಮರಳಿ ಕಟ್ಟುವ ವಿಧಾನವನ್ನು ವಿವರಿಸಿ, ಅದನ್ನು ಕನ್ನಡದಲ್ಲಿ ಹೇಳುವಾಗ ನಾವು ಬಳಸುವ ಪದಗಳು ರೋಗಿಗೆ ಏನನ್ನು ತಿಳಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಸೂಕ್ಷ್ಮ ನಾರುಗಳು ಬೇರನ್ನು ಗೂಡಿನಲ್ಲಿ ತೂಗಿ ಹಿಡಿದಿರುತ್ತವೆ. ಅಗಿಯುವಾಗಿನ ಒತ್ತಡ ಈ ನಾರುಗಳ ಮೂಲಕ ಎಲುಬಿಗೆ ತಲುಪುತ್ತದೆ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ರೂಪಿಸಿಕೊಳ್ಳುತ್ತದೆಂದು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಹಲ್ಲು ಹೋದೊಡನೆ ಆ ಭಾರವೂ ನಾರುಗಳೂ ಇಲ್ಲವಾಗಿ ಎಲುಬು ಕರಗತೊಡಗುತ್ತದೆ. ಹಲ್ಲು ಕಿತ್ತ ಜಾಗದ ದಿಬ್ಬವು ಒಂದು ವರ್ಷದೊಳಗೆ ಅಗಲದಲ್ಲಿ ಸುಮಾರು ಅರ್ಧದಷ್ಟು ಕುಗ್ಗಬಹುದು. ಆ ಕುಗ್ಗುವಿಕೆಯ ಹೆಚ್ಚಿನ ಪಾಲು ಮೊದಲ 3 ತಿಂಗಳಿನಲ್ಲಿಯೇ ಸಂಭವಿಸುತ್ತದೆ. ತುಟಿ ಮತ್ತು ಕೆನ್ನೆಯ ಕಡೆಯ ಗೋಡೆ ತೆಳುವಾದ್ದರಿಂದ ಮೊದಲು ಕರಗುವುದು ಅದೇ. 'ಬೊಚ್ಚುಬಾಯಿ' ಎಂಬ ಪದ ಕಣ್ಣಮುಂದೆ ತರುವ ಒಳಸೇದಿದ ತುಟಿ, ಮುಂಚಾಚಿದ ಗದ್ದಗಳು ಹಲ್ಲು ಹೋದುದರ ಫಲ ಮಾತ್ರವಲ್ಲ, ಎಲುಬು ಕರಗಿದುದರ ಫಲವೂ ಹೌದು. ಜನಪದರ ಕಣ್ಣು ಈ ಬದಲಾವಣೆಯನ್ನು ಕಂಡಿತ್ತು. ಅದರ ಕಾರಣ ಮಾತ್ರ ಒಸಡಿನ ಕೆಳಗೆ ಅಡಗಿತ್ತು. ರೈತರ ಅನುಭವದಿಂದ ಹೇಳುವುದಾದರೆ, ಹುಲ್ಲಿನ ಬೇರು ಹಿಡಿದಿರುವವರೆಗೆ ಬದು ನಿಲ್ಲುತ್ತದೆ. ಬೇರು ಹೋದ ಬದು ಮಳೆಗೆ ಕರಗುತ್ತದೆ.

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿ ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದಾಗ, ಒಳಗಿಟ್ಟ ಟೈಟಾನಿಯಂ ಸಾಧನ ಎಲುಬಿನೊಡನೆ ಬೆಸೆದುಹೋದುದನ್ನು ಕಂಡರು. 1965ರಲ್ಲಿ ಮನುಷ್ಯರ ದವಡೆಯಲ್ಲಿ ಇಂತಹ ಬೇರುಗಳನ್ನು ನೆಡಲಾಯಿತು. ಈ ಬೆಸುಗೆಗೆ ಬೇರಿನ ಸುತ್ತಲೂ ಜೀವಂತ ಎಲುಬು ಇರಬೇಕು. ಸುಮಾರು 4 ಮಿ.ಮೀ. ವ್ಯಾಸದ ಬೇರಿಗೆ ಸಾಮಾನ್ಯವಾಗಿ 6ರಿಂದ 7 ಮಿ.ಮೀ. ಅಗಲದ ದಿಬ್ಬವನ್ನು ಅಪೇಕ್ಷಿಸಲಾಗುತ್ತದೆ. ಅಷ್ಟು ಇಲ್ಲದಿದ್ದಲ್ಲಿ ಎಲುಬನ್ನು ಕಟ್ಟಿಕೊಳ್ಳುವುದು ಅನಿವಾರ್ಯವಾಗಬಹುದು.

ಕಟ್ಟಲು ಬಳಸುವ ಸಾಮಗ್ರಿ ನಾಲ್ಕು ಬಗೆಯದು. ಮೊದಲನೆಯದು ರೋಗಿಯದೇ ಎಲುಬು. ಇದನ್ನು ಗದ್ದ, ಕೆಳದವಡೆಯ ಹಿಂಭಾಗ ಅಥವಾ ಸೊಂಟದ ಎಲುಬಿನಿಂದ ತೆಗೆಯುತ್ತಾರೆ. ಎರಡನೆಯದು ಮೃತ ದಾನಿಗಳಿಂದ ಪಡೆದು ಸಂಸ್ಕರಿಸಿದ ಮಾನವ ಎಲುಬು. ಮೂರನೆಯದು ಪ್ರಾಣಿಮೂಲದ್ದು, ಹೆಚ್ಚಾಗಿ ದನದ ಎಲುಬಿನಿಂದ ಜೈವಿಕ ಅಂಶಗಳನ್ನು ತೆಗೆದು ಉಳಿಸಿಕೊಂಡ ಖನಿಜದ ಹರಳುಗಳು. ನಾಲ್ಕನೆಯದು ಕ್ಯಾಲ್ಸಿಯಂ ಫಾಸ್ಫೇಟ್ ಮೊದಲಾದ ರಾಸಾಯನಿಕಗಳಿಂದ ತಯಾರಿಸಿದ ಕೃತಕ ಪುಡಿ. ಸ್ವಂತ ಎಲುಬಿನಲ್ಲಿ ಜೀವಕೋಶಗಳಿರುತ್ತವೆ. ಉಳಿದವು ಮುಖ್ಯವಾಗಿ ಚಪ್ಪರದಂತೆ ಕೆಲಸ ಮಾಡುತ್ತವೆ. ರೋಗಿಯ ಎಲುಬು ಬಳ್ಳಿಯ ಹಾಗೆ ಅವುಗಳ ನಡುವೆ ಹಬ್ಬಿಕೊಳ್ಳುತ್ತದೆ.

ಒಸಡಿನ ಕೋಶಗಳು ಎಲುಬಿನ ಕೋಶಗಳಿಗಿಂತ ಬೇಗ ಬೆಳೆಯುತ್ತವೆ. ತಡೆಯದಿದ್ದಲ್ಲಿ ಎಲುಬು ತುಂಬಬೇಕಾದ ಜಾಗವನ್ನು ಅವೇ ಆಕ್ರಮಿಸುತ್ತವೆ. ಆದುದರಿಂದ ಹರಳುಗಳ ಮೇಲೆ ತೆಳುವಾದ ಪೊರೆಯೊಂದನ್ನು ಹೊದಿಸಿ, ಒಸಡನ್ನು ಎಳೆಯದಂತೆ ಹೊಲಿಯುತ್ತಾರೆ. ತಾನಾಗಿ ಕರಗುವ ಪೊರೆಗಳಲ್ಲಿ ಬಹುಪಾಲು ಹಂದಿ ಅಥವಾ ದನದ ಕೊಲ್ಯಾಜನ್‌ನಿಂದ ಆದವು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಗೂಡು ಹಲ್ಲು ಹೋದ ಬಳಿಕ ಕೆಳಕ್ಕೆ ಹಿಗ್ಗಿರುತ್ತದೆ. ಅಲ್ಲಿ ಗೂಡಿನ ಒಳಪೊರೆಯನ್ನು ಹರಿಯದಂತೆ ಮೇಲೆತ್ತಿ, ಕೆಳಗೆ ಸಾಮಗ್ರಿಯನ್ನು ತುಂಬುತ್ತಾರೆ. ಬಾಯ್ನ್ ಮತ್ತು ಜೇಮ್ಸ್ ಎಂಬ ವೈದ್ಯರು 1980ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಹೊಸ ಎಲುಬು ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 9 ತಿಂಗಳು ಬೇಕಾಗುತ್ತದೆ. ಕೊರತೆ ಅಲ್ಪವಾಗಿದ್ದಲ್ಲಿ ಬೇರು ನೆಡುವಾಗಲೇ ಎಲುಬನ್ನೂ ಕಟ್ಟುವುದುಂಟು.

ಎಲುಬು ಸಿದ್ಧವಾದ ಮಾತ್ರಕ್ಕೆ ಕಾರ್ಯ ಮುಗಿಯುವುದಿಲ್ಲ. ನೆಟ್ಟ ಬೇರಿನ ಕುತ್ತಿಗೆಯ ಸುತ್ತ ಕೆನ್ನೆಯ ಒಳಚರ್ಮದಂತೆ ಅಲುಗಾಡುವ ಮೃದು ಪದರವಿದ್ದಲ್ಲಿ ಉಜ್ಜುವಾಗ ನೋವಾಗಿ ಕೊಳೆ ಉಳಿಯುತ್ತದೆ. ಸುಮಾರು 2 ಮಿ.ಮೀ. ಗಟ್ಟಿ ಒಸಡು ಇರುವುದು ಒಳ್ಳೆಯದೆಂಬುದು ಅನೇಕ ತಜ್ಞರ ಅಭಿಪ್ರಾಯ. ಅದು ಇಲ್ಲದಿದ್ದಲ್ಲಿ ಅಂಗುಳದಿಂದ ತೆಳು ಪದರವನ್ನು ಅಥವಾ ಅದರ ಒಳಗಿನ ಅಂಗಾಂಶವನ್ನು ತೆಗೆದು ಒಸಡಿಗೆ ಸೇರಿಸುತ್ತಾರೆ.

ಇಲ್ಲಿ ಪದದ ಪ್ರಶ್ನೆ ಎದುರಾಗುತ್ತದೆ. ಕನ್ನಡದಲ್ಲಿ ಬೇರು ನೆಡುವುದನ್ನೂ ಎಲುಬು ತುಂಬುವುದನ್ನೂ ಒಸಡು ಸೇರಿಸುವುದನ್ನೂ 'ಕಸಿ' ಎಂಬ ಒಂದೇ ಪದದಿಂದ ಸೂಚಿಸುವ ರೂಢಿಯಿದೆ. ಕಸಿ ತೋಟಗಾರಿಕೆಯ ಪದ. ಜೀವಂತ ಗಿಡಕ್ಕೆ ಜೀವಂತ ಕೊಂಬೆಯನ್ನು ಕೂಡಿಸುವುದು ಅದರ ಅರ್ಥ. ಅಂಗುಳದ ಅಂಗಾಂಶಕ್ಕೂ ಸ್ವಂತ ಎಲುಬಿಗೂ ಅದು ಒಪ್ಪುತ್ತದೆ. ಲೋಹದ ಬೇರಿಗೆ 'ನೆಡುವುದು', ಹರಳುಗಳಿಗೆ 'ತುಂಬುವುದು' ಎಂಬ ಪದಗಳೇ ಸರಿಯಾದವು. 'ಎಲುಬಿನ ಕಸಿ' ಎಂದಾಗ ಕೇಳುವವರು ತಮ್ಮದೇ ಎಲುಬೆಂದು ಭಾವಿಸುವ ಸಾಧ್ಯತೆಯಿದೆ, 'ಯಾರ ಎಲುಬು?' ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ನಮ್ಮ ಸಮಾಜದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಸತ್ತವರ ಎಲುಬನ್ನು ಆಯ್ದು ನೀರಿನಲ್ಲಿ ಬಿಡುವ, ಸಾವಿನ ಸಂಪರ್ಕವನ್ನು ಸೂತಕವೆಂದು ತಿಳಿಯುವ ಕುಟುಂಬಗಳಿವೆ. ದನದ ಮಾಂಸವನ್ನು ಮುಟ್ಟದವರು, ಹಂದಿಯನ್ನು ನಿಷಿದ್ಧವೆಂದು ಭಾವಿಸುವವರು, ಪ್ರಾಣಿಮೂಲದ ಯಾವುದನ್ನೂ ಒಲ್ಲದವರು ಇದ್ದಾರೆ. ಇವಾವುದೂ ಅಡ್ಡಿಯಲ್ಲವೆನ್ನುವವರೂ ಇದ್ದಾರೆ. ಈ ನಂಬಿಕೆಗಳ ಸರಿತಪ್ಪನ್ನು ತೀರ್ಮಾನಿಸುವುದು ಜಾನಪದ ವಿದ್ವಾಂಸರ ಕೆಲಸವೂ ಅಲ್ಲ, ವೈದ್ಯರ ಕೆಲಸವೂ ಅಲ್ಲ. ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು ಮತ್ತು ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ಹೇಳಿದೆ. ಸ್ವಂತ ಎಲುಬು ಮತ್ತು ಕೃತಕ ಪುಡಿ ಎಂಬ ಪರ್ಯಾಯಗಳು ಇರುವಾಗ, ಸಾಮಗ್ರಿಯ ಮೂಲವನ್ನು ಮೊದಲೇ ತಿಳಿಸುವುದರಿಂದ ಚಿಕಿತ್ಸೆಗೆ ನಷ್ಟವಿಲ್ಲ. ಬಾಯೊಳಗೆ ಸೇರಿದ ಮೇಲೆ ತಿಳಿದರೆ ಅದನ್ನು ಬೇರ್ಪಡಿಸುವುದು ಸುಲಭವಲ್ಲ. ಮನಸ್ಸಿಗಾದ ನೋವು ಉಳಿಯುತ್ತದೆ.

ಈ ಚಿಕಿತ್ಸೆ ಎಲ್ಲರಿಗೂ ಅಗತ್ಯವಲ್ಲ, ಎಲ್ಲರಲ್ಲಿಯೂ ಫಲಿಸುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಧೂಮಪಾನ ಗಾಯ ಮಾಯುವುದನ್ನು ಕುಂದಿಸುತ್ತವೆ. ಎಲೆಯಡಿಕೆಗೆ ಆತಿಥ್ಯದ ಸ್ಥಾನವಿರುವ, ದೇಶದಲ್ಲಿಯೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ಮತ್ತೊಂದು ಮಾತನ್ನೂ ಹೇಳಬೇಕು: ಅಡಿಕೆಯನ್ನು ಸದಾ ಅಗಿಯುವುದರಿಂದ ಬಾಯಿಯ ಒಳಪದರ ನಾರುಗಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರುತ್ತದೆ. ಅಂತಹ ಬಾಯಿಯಲ್ಲಿ ಶಸ್ತ್ರಚಿಕಿತ್ಸೆ ಅತ್ಯಂತ ಕಠಿಣ.

ಒಟ್ಟಿನಲ್ಲಿ, 'ಹಲ್ಲು ಬಿತ್ತು' ಎಂಬ ನಮ್ಮ ಮಾತು ಒಂದು ಘಟನೆಯನ್ನು ಹೇಳಿ ಮುಗಿಸುತ್ತದೆ. ಎಲುಬಿನ ಮಟ್ಟಿಗೆ ಅದು ಆರಂಭ ಮಾತ್ರ. ಅಲುಗುವ ಹಲ್ಲನ್ನು ವಯಸ್ಸಿನ ಸಹಜ ಗುಣವೆಂದು ಬಿಡದೆ ಒಸಡಿನ ರೋಗಕ್ಕೆ ಕಾಲಕ್ಕೆ ಸರಿಯಾಗಿ ಚಿಕಿತ್ಸೆ ಪಡೆದಲ್ಲಿ, ಹಲ್ಲು ಕೀಳಿಸುವ ದಿನವೇ ಎಲುಬಿನ ಬಗೆಗೂ ವಿಚಾರಿಸಿದಲ್ಲಿ, ಮುಂದಿನ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಅನೇಕ ಬಾರಿ ತಪ್ಪಿಸಬಹುದು. ಅದಕ್ಕೆ ರೋಗಿಗೆ ಅರ್ಥವಾಗುವ ಕನ್ನಡ ಬೇಕು. ನೆಡುವುದು, ತುಂಬುವುದು, ಹೊದಿಸುವುದು, ಕಸಿಮಾಡುವುದು ಎಂಬ ನಾಲ್ಕು ಕ್ರಿಯೆಗಳಿಗೂ ರೈತರ ನುಡಿಯಲ್ಲಿ ಬೇರೆಬೇರೆ ಪದಗಳಿವೆ. ಅವುಗಳನ್ನು ಅವುಗಳ ಅರ್ಥದಲ್ಲಿಯೇ ಬಳಸಿದರೆ, ತನ್ನ ಬಾಯೊಳಗೆ ಏನು ಸೇರುತ್ತಿದೆ ಎಂಬುದನ್ನು ತಿಳಿದು ಒಪ್ಪುವ ಅಥವಾ ನಿರಾಕರಿಸುವ ಹಕ್ಕು ರೋಗಿಗೆ ನಿಜವಾಗಿಯೂ ದೊರೆಯುತ್ತದೆ.