ಗಾಡಿ ದಾಖಲೆ ಎಲ್ಲಿಡ್ತೀರಿ: ಡಿಕ್ಕಿಯಲ್ಲೋ, ಪರ್ಸಿನಲ್ಲೋ, ಮೊಬೈಲಿನಲ್ಲೋ?

ಮೈಸೂರಿನಿಂದ ಬನ್ನೂರು ಮಾರ್ಗವಾಗಿ ಸೋಮನಾಥಪುರ ಸುಮಾರು 35 ಕಿ.ಮೀ. ಸ್ಕೂಟರಿಗೆ ಹೇಳಿ ಮಾಡಿಸಿದಂಥ ದೂರ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇಲ್ಲಿನ ಕೇಶವ ದೇವಾಲಯವೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಭಾನುವಾರ ಬೆಳಗ್ಗೆ ಹೊರಟು, ದೇವಸ್ಥಾನ ನೋಡಿ, ಟಿ. ನರಸೀಪುರದಲ್ಲಿ ಸಂಗಮ ನೋಡಿ, ತಲಕಾಡಿಗೂ ಹೋಗಿ ಬರುವವರು ನಮ್ಮ ಕಡೆ ಬಹಳ ಜನ.

ಇಂಥ ಪ್ರಯಾಣಕ್ಕೆ ಹೊರಡುವಾಗ ನಮ್ಮ ಮನೆಯಲ್ಲಿ ಒಂದು ಚರ್ಚೆ ಗ್ಯಾರಂಟಿ. ಅಪ್ಪ, “ಒರಿಜಿನಲ್ ಎಲ್ಲಾ ಗಾಡಿ ಒಳಗೇ ಇರ್ಲಿ ಕಣಪ್ಪ, ಹಿಡಿದ್ರೆ ತೋರಿಸಬಹುದು” ಅಂತಾರೆ. ಅಮ್ಮ, “ಮಳೆ ಬಂದ್ರೆ ನೆಂದು ಹೋಗುತ್ತೆ, ಬೀರುವಿನಲ್ಲೇ ಇರ್ಲಿ” ಅಂತಾರೆ. ನಾನು ಸಾಫ್ಟ್‌ವೇರ್‌ನವನು, ಸಹಜವಾಗಿ “ಎಲ್ಲಾ ಮೊಬೈಲ್‌ನಲ್ಲಿದೆ ಬಿಡಿ” ಅಂತೀನಿ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸರಿ ಇದೆ. ಹೇಗೆ ಅಂತ ನೋಡೋಣ.

ಮೊದಲು, ಏನೇನು ಬೇಕು?

ಸ್ವಂತ ಬಳಕೆಯ ಪೆಟ್ರೋಲ್ ಸ್ಕೂಟರಿಗೆ ನಾಲ್ಕೇ ದಾಖಲೆ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್. ಹೊಸ ಗಾಡಿಗೆ ಮೊದಲ ಒಂದು ವರ್ಷ ಎಮಿಷನ್ ಸರ್ಟಿಫಿಕೇಟ್ ಬೇಕಿಲ್ಲ. ಆಮೇಲೆ ಬಿಎಸ್-4, ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಇದರ ತಲೆನೋವೇ ಇಲ್ಲ.

ನಾಲ್ಕರಲ್ಲಿ ನಿಜಕ್ಕೂ ಭಾರವಾದದ್ದು ಇನ್ಶೂರೆನ್ಸ್. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. “ಐದು ವರ್ಷ ಚಿಂತೆ ಇಲ್ಲ” ಅಂದುಕೊಂಡು ಪಾಲಿಸಿ ಎಲ್ಲೋ ಇಟ್ಟು ಮರೆತವರ ಗಾಡಿಗಳಲ್ಲಿ ಎಷ್ಟೋ ಪಾಲಿಸಿಗಳ ಅವಧಿ ಈಗಾಗಲೇ ಮುಗಿದಿರಬಹುದು. ವಿಮೆ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 196ನೇ ಸೆಕ್ಷನ್ ಪ್ರಕಾರ ಮೊದಲ ಸಲ ₹2,000, ಮತ್ತೆ ಸಿಕ್ಕಿಬಿದ್ದರೆ ₹4,000 ದಂಡ, ಜೈಲಿಗೂ ಅವಕಾಶ ಇದೆ. ದಂಡ ಚಿಕ್ಕದು. ವಿಮೆ ಇಲ್ಲದ ಗಾಡಿ ಯಾರಿಗಾದರೂ ತಾಗಿ ಅವರಿಗೆ ಪೆಟ್ಟಾದರೆ, ಜೀವ ಹೋದರೆ, ಪರಿಹಾರದ ಹಣ ಮಾಲೀಕರ ಕೈಯಿಂದಲೇ ಹೋಗಬೇಕು. ಅದು ಸ್ಕೂಟರಿನ ಬೆಲೆಯಲ್ಲಿ ತೀರುವ ಲೆಕ್ಕ ಅಲ್ಲ.

ಡಿಕ್ಕಿ ಯಾಕೆ ಬೇಡ?

ಸೋಮನಾಥಪುರ ದೇವಸ್ಥಾನದ ಬಾಗಿಲಲ್ಲೇ ಎತ್ತರದ ಶಾಸನದ ಕಲ್ಲು ನಿಂತಿದೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕೊಟ್ಟ ದಾನದ ದಾಖಲೆ ಅದು. ಬಿಸಿಲು, ಮಳೆ ಎಲ್ಲಾ ತಿಂದುಕೊಂಡು ಏಳೂವರೆ ಶತಮಾನ ಕಳೆದಿದೆ. ನಮ್ಮ ಪಾಲಿಸಿ ಪೇಪರ್ ಡಿಕ್ಕಿಯಲ್ಲಿ ಎರಡು ಮಳೆಗಾಲ ಕಳೆಯೋದೂ ಕಷ್ಟ.

ಸೀಟಿನ ಕೆಳಗೆ ಇಂಜಿನ್ ಶಾಖ ಬರುತ್ತೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೂ ಅಲ್ಲೇ ಇರುತ್ತೆ. ಜೋರು ಮಳೆಗೆ, ವಾಟರ್ ಸರ್ವಿಸ್‌ಗೆ ಸೀಟಿನ ಸಂದಿಯಿಂದ ನೀರು ಇಳಿಯುತ್ತೆ. ಪ್ಲಾಸ್ಟಿಕ್ ಕವರ್ ಹಾಕಿದರೂ ಒಳಗೆ ಬೆವರು ಕಟ್ಟಿ ಪೇಪರ್ ಅಂಟಿಕೊಳ್ಳುತ್ತೆ, ಪ್ರಿಂಟ್ ಮಾಸುತ್ತೆ.

ಇದಕ್ಕಿಂತ ದೊಡ್ಡ ಅಪಾಯ ಕಳ್ಳತನ. ನಮ್ಮ ಚಿಕ್ಕಪ್ಪನ ಸ್ಕೂಟರ್ ಒಮ್ಮೆ ಜಾತ್ರೆಯ ಪಾರ್ಕಿಂಗ್‌ನಿಂದ ಕಳುವಾಯಿತು. ಒರಿಜಿನಲ್ ಆರ್‌ಸಿ, ಪಾಲಿಸಿ ಎರಡೂ ಡಿಕ್ಕಿಯಲ್ಲೇ ಇದ್ದವು. ದೂರು ಕೊಡೋಕೆ ಚಾಸಿ ನಂಬರ್ ಬೇಕು, ಅದು ಆರ್‌ಸಿಯಲ್ಲಿತ್ತು. ಕ್ಲೇಮ್‌ಗೆ ಪಾಲಿಸಿ ನಂಬರ್ ಬೇಕು, ಅದೂ ಗಾಡಿ ಜೊತೆಗೇ ಹೋಗಿತ್ತು. ವಿಮೆ ಮಾಡಿಸಿದ ಏಜೆಂಟ್ ಹುಡುಕಿ ವಿವರ ತೆಗೆಸುವಷ್ಟರಲ್ಲಿ ಎರಡು ದಿನ ಓಡಾಟ. ಅತ್ತ ಗಾಡಿ ಒಯ್ದವನ ಕೈಯಲ್ಲಿ ಒರಿಜಿನಲ್ ದಾಖಲೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿದರೆ “ಫ್ರೆಂಡ್ ಗಾಡಿ ಸರ್” ಅಂದು ಆರ್‌ಸಿ ತೋರಿಸಿ ಹೋಗಬಹುದು.

ನಂಜನಗೂಡಿನ ದೊಡ್ಡ ಜಾತ್ರೆಯಿರಲಿ, ನರಸೀಪುರದ ಕುಂಭಮೇಳವಿರಲಿ, ಬಯಲಿನಲ್ಲಿ ಸಾಲಾಗಿ ಗಾಡಿ ನಿಲ್ಲಿಸಿ ಹೋಗುವ ಕಡೆ ಇದು ನೆನಪಿರಲಿ. ಸರ್ವಿಸ್‌ಗೆ ಬಿಡುವಾಗಲೂ ಅಷ್ಟೇ. ಗಾಡಿಯ ಜೊತೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಇರುವ ಪೇಪರ್ ಬಿಟ್ಟು ಬರೋದು ಬೇಡ.

ಮೊಬೈಲ್ ಸಾಕಾ?

ಕಾನೂನಿನ ಪ್ರಕಾರ ಸಾಕು. ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪ್‌ನ ದಾಖಲೆಗಳನ್ನು ಒರಿಜಿನಲ್‌ಗೆ ಸಮಾನವಾಗಿ ಪರಿಗಣಿಸಬೇಕು ಅಂತ ಕೇಂದ್ರ ಸಾರಿಗೆ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳಿಗೆ ತಿಳಿಸಿತು. ಅದೇ ನವೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ ತಿದ್ದುಪಡಿಯಾಗಿ, ಪೇಪರ್ ಅಥವಾ ಎಲೆಕ್ಟ್ರಾನಿಕ್ ಯಾವ ರೂಪದಲ್ಲಾದರೂ ತೋರಿಸಬಹುದು ಅಂತಾಯಿತು. 2020ರ ಅಕ್ಟೋಬರ್ 1ರಿಂದ ಇನ್ನೂ ಒಂದು ಹೆಜ್ಜೆ: ಅಧಿಕಾರಿ ಆನ್‌ಲೈನ್‌ನಲ್ಲೇ ದಾಖಲೆ ಪರಿಶೀಲಿಸಿ ಸರಿ ಇದೆ ಅಂತ ಕಂಡರೆ ಪೇಪರ್ ಕೇಳುವಂತಿಲ್ಲ.

ಆದರೆ ಇಲ್ಲೇ ಬಹಳ ಜನ ಎಡವೋದು. ಗ್ಯಾಲರಿಯಲ್ಲಿರುವ ಆರ್‌ಸಿ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡ ಲೈಸೆನ್ಸ್ ಚಿತ್ರ ಇವಕ್ಕೆ ಈ ಮಾನ್ಯತೆ ಇಲ್ಲ. ಡಿಜಿಲಾಕರ್‌ಗೆ ನೀವೇ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದಕ್ಕೂ ಇಲ್ಲ. ‘ಇಶ್ಯೂಡ್’ ವಿಭಾಗದಲ್ಲಿ ಕಾಣುವ ದಾಖಲೆಗೆ ಮಾತ್ರ ಇದೆ. ಕಾರಣ ಸರಳ. ಇಶ್ಯೂಡ್ ದಾಖಲೆ ಸಾರಿಗೆ ಇಲಾಖೆಯ ಡೇಟಾಬೇಸ್‌ನಿಂದ ನೇರವಾಗಿ ಬರುತ್ತೆ, ಆರ್‌ಸಿ ‘ವಾಹನ್’ನಿಂದ, ಲೈಸೆನ್ಸ್ ‘ಸಾರಥಿ’ಯಿಂದ. ಮಧ್ಯೆ ಯಾರೂ ತಿದ್ದಲು ಆಗಲ್ಲ. ಫೋಟೊವನ್ನು ಯಾರು ಬೇಕಾದರೂ ತಿದ್ದಬಹುದು.

ಮೊಬೈಲ್‌ಗೂ ತೊಡಕುಗಳಿವೆ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಪೂರ್ತಿ ಹೆಸರು, ಲೈಸೆನ್ಸ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಡಿಜಿಲಾಕರ್ ಹೆಸರು ಹೊಂದುತ್ತಿಲ್ಲ ಅಂತ ಹೇಳಿ ದಾಖಲೆ ಕೊಡದೇ ಇರಬಹುದು. ಪುಸ್ತಕದ ರೂಪದ ಹಳೆಯ ಲೈಸೆನ್ಸ್ ಸಾರಥಿಗೆ ಸೇರದೇ ಉಳಿದಿದ್ದರೆ ಆ್ಯಪ್‌ನಲ್ಲಿ ಸಿಗಲ್ಲ. ಇವೆರಡನ್ನೂ ಆರ್‌ಟಿಒ ಕಚೇರಿಯಲ್ಲಿ ಸರಿ ಮಾಡಿಸಿಕೊಳ್ಳಬೇಕು, ರಸ್ತೆಯಲ್ಲಿ ನಿಂತು ಸರಿ ಮಾಡೋಕಾಗಲ್ಲ. ಊರಾಚೆ ಸಿಗ್ನಲ್ ಕೈಕೊಡಬಹುದು, ಬ್ಯಾಟರಿ ಮುಗಿಯಬಹುದು. ಮನೆಯಲ್ಲೇ ಪಿಡಿಎಫ್ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಅರ್ಧ ಚಿಂತೆ ಕಳೆಯಿತು.

ಇನ್ನೊಂದು, ಮನೆಯವರ ಗಾಡಿ. ಅಪ್ಪನ ಹೆಸರಿನ ಸ್ಕೂಟರ್ ಮಗಳು ಓಡಿಸ್ತಾಳೆ, ಆದರೆ ಆರ್‌ಸಿ ಇರೋದು ಅಪ್ಪನ ಡಿಜಿಲಾಕರ್‌ನಲ್ಲಿ. ಇದಕ್ಕೆ ಎಂಪರಿವಾಹನ್‌ನಲ್ಲಿ ಮಾಲೀಕರು ವರ್ಚುವಲ್ ಆರ್‌ಸಿಯನ್ನು ಇನ್ನೊಬ್ಬರಿಗೆ ಶೇರ್ ಮಾಡುವ ಸೌಲಭ್ಯ ಇದೆ. ಅದು ಬೇಡ ಅಂದ್ರೆ ಆ ದಿನಕ್ಕೆ ಆರ್‌ಸಿ ಕಾರ್ಡ್ ಕೈಗೆ ಕೊಟ್ಟು ಕಳಿಸಿ.

ನಮ್ಮ ಮನೆಯ ವ್ಯವಸ್ಥೆ

ಮೂವರೂ ಒಪ್ಪಿಕೊಂಡ ರಾಜಿ ಸೂತ್ರ ಹೀಗಿದೆ:

ಲೈಸೆನ್ಸ್ ಕಾರ್ಡ್ ಪರ್ಸಿನಲ್ಲಿ. ಅದು ಗಾಡಿಗಲ್ಲ, ನಮಗೆ ಸೇರಿದ್ದು, ಯಾವ ಗಾಡಿ ಓಡಿಸಿದರೂ ಬೇಕು.

ಒರಿಜಿನಲ್ ಆರ್‌ಸಿ ಮತ್ತು ಪಾಲಿಸಿ ಬೀರುವಿನಲ್ಲಿ, ಒಂದೇ ಫೈಲಿನಲ್ಲಿ. ಗಾಡಿಯ ಎರಡನೇ ಕೀ ಕೂಡ ಅಲ್ಲೇ. ಕಳುವಾದರೆ ವಿಮೆ ಕಂಪನಿಯವರು ಕೀಗಳನ್ನೂ ಕೇಳ್ತಾರೆ.

ನಾಲ್ಕೂ ದಾಖಲೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ, ಜೊತೆಗೆ ಡೌನ್‌ಲೋಡ್ ಮಾಡಿದ ಪಿಡಿಎಫ್.

ಡಿಕ್ಕಿಯಲ್ಲಿ ಒಂದು ಜಿಪ್ ಕವರ್. ಅದರಲ್ಲಿ ಆರ್‌ಸಿ, ಇನ್ಶೂರೆನ್ಸ್‌ನ ಜೆರಾಕ್ಸ್, ವಿಳಾಸ ಮತ್ತು ಫೋನ್ ನಂಬರಿನ ಮೇಲೆ ಕಪ್ಪು ಗೆರೆ ಎಳೆದಿರುವುದು. ಜೆರಾಕ್ಸ್‌ಗೆ ಒರಿಜಿನಲ್ ಮಾನ್ಯತೆ ಇಲ್ಲ, ಆದರೆ ಫೋನ್ ಸತ್ತಾಗ ಗಾಡಿ ನಂಬರ್, ಪಾಲಿಸಿ ನಂಬರ್ ಹೇಳೋಕೆ ಸಾಕು.

ಪರ್ಸಿನಲ್ಲಿ ಲೈಸೆನ್ಸ್ ಹಿಂದೆ ಒಂದು ಚೀಟಿ: ರಕ್ತದ ಗುಂಪು, ಮನೆಯ ಇಬ್ಬರ ಫೋನ್ ನಂಬರ್. ಇದು ಅಮ್ಮನ ಸಲಹೆ. ಬಿದ್ದು ಪ್ರಜ್ಞೆ ತಪ್ಪಿದರೆ ಲಾಕ್ ಆದ ಮೊಬೈಲ್ ಯಾರಿಗೂ ಏನೂ ಹೇಳಲ್ಲ. ಎಷ್ಟು ಆ್ಯಪ್ ಇದ್ದರೂ ಈ ಚೀಟಿಯ ಕೆಲಸ ಚೀಟಿಯೇ ಮಾಡಬೇಕು.

ನಿಲ್ಲಿಸಿದಾಗ

ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಆಮೇಲೆ ಫೋನ್ ತೆಗೆಯಿರಿ. “ಸರ್, ಡಿಜಿಲಾಕರ್‌ನಲ್ಲಿದೆ” ಅಂತ ಸಮಾಧಾನವಾಗಿ ತೋರಿಸಿ. ಫೋನ್ ನಿಮ್ಮ ಕೈಯಲ್ಲೇ ಇರಲಿ. ಯಾವುದೋ ಒಂದು ದಾಖಲೆ ಆ ಹೊತ್ತಿಗೆ ಕೈಯಲ್ಲಿಲ್ಲ ಅಂದ್ರೆ, 139ನೇ ನಿಯಮ ಅದನ್ನು 15 ದಿನಗಳೊಳಗೆ ಒದಗಿಸುವ ದಾರಿಯನ್ನೂ ಕೊಟ್ಟಿದೆ. ಲೈಸೆನ್ಸ್ ಇಲ್ಲದಿರುವುದು ಬೇರೆ, ಇದ್ದೂ ತಂದಿಲ್ಲದಿರುವುದು ಬೇರೆ. ಇದನ್ನು ವಿನಯದಿಂದ ಹೇಳಿದರೆ ಮಾತು ಬೆಳೆಯಲ್ಲ.

ಆರ್‌ಸಿ ಕಳೆದೇ ಹೋದರೆ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಪರಿವಾಹನ್ ಪೋರ್ಟಲ್‌ನಲ್ಲಿ ಫಾರಂ 26ರ ಮೂಲಕ ಡೂಪ್ಲಿಕೇಟ್‌ಗೆ ಅರ್ಜಿ ಹಾಕಬಹುದು. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿಗೂ ತಿಳಿಸಿ.

ದಾಖಲೆ ಎಲ್ಲಿಟ್ಟರೂ ಅವಧಿ ಮೀರಿದ್ದರೆ ಪ್ರಯೋಜನ ಇಲ್ಲ. ಇದನ್ನು ಓದಿದ ಮೇಲೆ ಒಂದೇ ಕೆಲಸ ಮಾಡಿ. ಎಂಪರಿವಾಹನ್‌ನಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ, ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ ನೋಡಿ, ಅದಕ್ಕೆ ಹದಿನೈದು ದಿನ ಮೊದಲು ಫೋನಿನಲ್ಲಿ ರಿಮೈಂಡರ್ ಇಡಿ. ಮನೆಯಲ್ಲಿ ಅಪ್ಪನ ಹಳೇ ಗಾಡಿ ಇದ್ದರೆ ಅದರದ್ದೂ ಒಮ್ಮೆ ನೋಡಿಬಿಡಿ, ಸಾಮಾನ್ಯವಾಗಿ ಮರೆತುಹೋಗಿರೋದು ಅದೇ.