ಬೆಳ್ಳಿ ಮುಗಿದರೂ ಬಾಳಿದ ಫ್ರೈಬರ್ಗ್

ಗಣಿ ಮುಚ್ಚಿದರೆ ಊರಿನ ಕಥೆಯೂ ಮುಗಿಯಿತೆಂದೇ ಲೆಕ್ಕ. ಜರ್ಮನಿಯ ಸ್ಯಾಕ್ಸನಿ ರಾಜ್ಯದ ಫ್ರೈಬರ್ಗಿನಲ್ಲಿ ಗಣಿ ಎರಡು ಸಲ ಮುಚ್ಚಿತು. ಆದರೂ ಅಲ್ಲಿ ಸುಮಾರು 40,000 ಜನ ಬಾಳುತ್ತಿದ್ದಾರೆ. ಅದಿರು ತೀರುವ ಮೊದಲೇ ಅದಿರಿನ ವಿದ್ಯೆಯನ್ನು ಕಸುಬಾಗಿಸಿಕೊಂಡ ಊರು ಅದು.

1168ರಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. ಉಪ್ಪಿನ ಗಾಡಿಯವರಿಗೆ ಚಕ್ರದ ಜಾಡಿನಲ್ಲಿ ಹೊಳೆಯುವ ಕಲ್ಲು ಕಂಡಿತೆಂಬುದು ಐತಿಹ್ಯ. ಸೀಮೆಯ ಒಡೆಯ ಒಟ್ಟೊ, ತನ್ನ ಪಾಲು ಸಂದರೆ ಸಾಕು, ಯಾರು ಬೇಕಾದರೂ ಅಗೆಯಲಿ ಎಂದ. ಹಾರ್ಟ್ಸ್ ಬೆಟ್ಟಗಳ ಗಣಿಗಾರರು ಬಂದು ನೆಲೆಸಿದರು. ಒಟ್ಟೊಗೆ ‘ಸಿರಿವಂತ’ನೆಂಬ ಹೆಸರು ನಿಂತಿತು.

ಆಳಕ್ಕಿಳಿದಷ್ಟೂ ನೀರು, ನೀರೆತ್ತಲು ಖರ್ಚು. ಹಾಗಾಗಿ ಒಂದೊಂದು ಗಣಿಯನ್ನೂ ಸಾಮಾನ್ಯವಾಗಿ 128 ಪಾಲು ಮಾಡಿ ಮಾರುತ್ತಿದ್ದರು. ಈ ಪಾಲಿಗೆ ‘ಕುಕ್ಸ್’ ಎಂದು ಹೆಸರು. ಬೆಳ್ಳಿ ಬಂದರೆ ಲಾಭಾಂಶ. ಬರದಿದ್ದರೆ ಪಾಲುದಾರನೇ ಮತ್ತೆ ಕೈಯಿಂದ ಹಣ ಸುರಿಯಬೇಕು.

ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಸ್ಯಾಕ್ಸನಿಯ ಬೊಕ್ಕಸ ಬರಿದಾಗಿತ್ತು. ಗಣಿಯಿಂದಲೇ ಅದನ್ನು ತುಂಬಬೇಕಿತ್ತು. ಅದಕ್ಕೆ ಬಲ್ಲವರು ಬೇಕಿತ್ತು. 1765ರಲ್ಲಿ ಗಣಿ ವಿದ್ಯಾಲಯ ‘ಬೆರ್ಗ್‌ಅಕಾಡೆಮಿ’ ಹುಟ್ಟಿತು. ಖನಿಜಶಾಸ್ತ್ರಜ್ಞ ವೆರ್ನರ್ ಪಾಠ ಹೇಳಿದ್ದು, ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಕವಿ ನೊವಾಲಿಸ್ ಕಲಿತದ್ದು ಇಲ್ಲೇ. 1863ರಲ್ಲಿ ಇಲ್ಲಿನ ವಿಜ್ಞಾನಿಗಳಾದ ರೈಶ್ ಮತ್ತು ರಿಕ್ಟರ್ ಇಂಡಿಯಂ ಎಂಬ ಲೋಹವನ್ನು ಕಂಡುಹಿಡಿದರು. ರೈಶ್‌ಗೆ ಬಣ್ಣ ಗೊತ್ತಾಗುತ್ತಿರಲಿಲ್ಲ. ವರ್ಣಪಟಲದ ಹೊಸ ನೀಲಿ ಗೆರೆ ಕಂಡದ್ದು ರಿಕ್ಟರ್ ಕಣ್ಣಿಗೆ. 1886ರಲ್ಲಿ ಇಲ್ಲಿನ ರಸಾಯನಶಾಸ್ತ್ರಜ್ಞ ವಿಂಕ್ಲರ್ ಸ್ಥಳೀಯ ಅದಿರಿನಿಂದಲೇ ಜರ್ಮೇನಿಯಂ ಬೇರ್ಪಡಿಸಿ, ಮೆಂಡಲೀಫ್ ಮೊದಲೇ ಊಹಿಸಿದ್ದ ಧಾತುವನ್ನು ತೋರಿಸಿಕೊಟ್ಟ.

ಅಷ್ಟರಲ್ಲಿ ಬೆಳ್ಳಿಯ ದಿನ ಮುಗಿಯುತ್ತಿತ್ತು. 1870ರ ದಶಕದಲ್ಲಿ ಜರ್ಮನಿ ಚಿನ್ನದ ನಾಣ್ಯಪದ್ಧತಿಗೆ ಹೊರಳಿತು, ಬೆಳ್ಳಿ ಬೆಲೆ ಕುಸಿಯಿತು, 1913ರಲ್ಲಿ ಗಣಿ ನಿಂತಿತು. ಸೀಸ, ಸತುವಿಗಾಗಿ 1930ರ ದಶಕದಲ್ಲಿ ಮತ್ತೆ ತೆರೆದದ್ದು 1969ರಲ್ಲಿ ಮುಚ್ಚಿತು.

ಆದರೆ ಲೋಹವನ್ನು ಶುದ್ಧಗೊಳಿಸುವ ಕೈಚಳಕ ಊರಲ್ಲೇ ಉಳಿಯಿತು. ಪೂರ್ವ ಜರ್ಮನಿಯ ಕಾಲದಲ್ಲೇ ಇಲ್ಲಿ ಅರೆವಾಹಕ ವಸ್ತುಗಳ ತಯಾರಿಕೆ ಶುರುವಾಯಿತು. ಇಂದು ಸಿಲ್ಟ್ರಾನಿಕ್ ಕಂಪನಿ ಚಿಪ್‌ಗೆ ಬೇಕಾದ ಸಿಲಿಕಾನ್ ಬಿಲ್ಲೆಗಳನ್ನೂ, ಫ್ರೈಬರ್ಗರ್ ಕಾಂಪೌಂಡ್ ಮೆಟೀರಿಯಲ್ಸ್ ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆಗಳನ್ನೂ ಮಾಡುತ್ತವೆ. ಎಲ್ಲವೂ ಗೆದ್ದಿಲ್ಲ: ಸೌರಫಲಕ ತಯಾರಿಸುತ್ತಿದ್ದ ಸೋಲಾರ್‌ವರ್ಲ್ಡ್ 2018ರಲ್ಲಿ, ಅದರ ಜಾಗಕ್ಕೆ ಬಂದ ಮೇಯರ್ ಬರ್ಗರ್ 2024ರಲ್ಲಿ ಇಲ್ಲಿನ ಉತ್ಪಾದನೆ ನಿಲ್ಲಿಸಿದವು. ಚೀನಾದ ಅಗ್ಗದ ಫಲಕಗಳ ಮುಂದೆ ನಿಲ್ಲುವುದು ಕಷ್ಟವಾಯಿತು.

2019ರಲ್ಲಿ ಯುನೆಸ್ಕೊ ಈ ಗಣಿಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ‘ರೈಶೆ ಝೆಶೆ’ ಗಣಿಯಲ್ಲಿ ಈಗ ಒಂದೆಡೆ ಪ್ರವಾಸಿಗರು, ಇನ್ನೊಂದೆಡೆ ವಿದ್ಯಾರ್ಥಿಗಳು. ಗಣಿಗೆ ಸುರಿದ ಎಷ್ಟೋ ಹಣ ನೆಲದಲ್ಲೇ ಹೂತುಹೋಯಿತು. ವಿದ್ಯಾಲಯಕ್ಕೆ ಹಾಕಿದ್ದು ಮಾತ್ರ ಇಂದಿಗೂ ಬಡ್ಡಿ ತರುತ್ತಿದೆ.